ಬಾಗಿಲಲ್ಲಿ ಕೂತ ಗನ್ನರ್‌ಗೆ ಕೆಲಸ ಹೇಳುವುದು ಹೇಗೆ?

ಆಟಿ ತಿಂಗಳ ಮಳೆಗೆ ಶಾಲೆಗೆ ರಜೆ ಸಿಕ್ಕಿತೆಂದರೆ ನನ್ನ ಅಕ್ಕನ ಮಗ ಬದಿಯಡ್ಕದ ನಮ್ಮ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂರುತ್ತಾನೆ. ಡಿಸಿಎಸ್ ವರ್ಲ್ಡ್ ಎಂಬ ಯುದ್ಧವಿಮಾನದ ಸಿಮ್ಯುಲೇಟರ್ ಆಟದಲ್ಲಿ ಹ್ಯೂಯಿ ಹೆಲಿಕಾಪ್ಟರ್ ಹಾರಿಸುವುದು ಅವನಿಗೆ ಇಷ್ಟ. ಅದರ ಎರಡೂ ಬಾಗಿಲಲ್ಲಿ ಬಂದೂಕು ಹಿಡಿದು ಕೂರುವ ಗನ್ನರ್‌ಗಳನ್ನು ಕಂಪ್ಯೂಟರೇ ನಡೆಸುತ್ತದೆ, ಆಜ್ಞೆ ಮಾತ್ರ ನಾವು ಕೊಡಬೇಕು. ಮೊನ್ನೆ, "ಮಾವ, ಗನ್ನರ್ ಸುಮ್ನೆ ಕೂತಿದ್ದಾನೆ, ಒಂದು ಗುಂಡೂ ಹಾರಿಸುವುದಿಲ್ಲ" ಎಂದ. ನೋಡಿದರೆ ಅವನು ಆಜ್ಞೆಯನ್ನೇ ಕೊಟ್ಟಿರಲಿಲ್ಲ.

ಮೊದಲು ಸಿಬ್ಬಂದಿಯ ಪಟ್ಟಿಯನ್ನು ಪರದೆಯ ಮೇಲೆ ತೆರೆದಿಡಿ. ಯಾರಿಗೆ ಯಾವ ಆಜ್ಞೆ ಇದೆ ಎಂದು ಅಲ್ಲೇ ಕಾಣುತ್ತದೆ. ಆಜ್ಞೆಗಳು ಮೂರು. ‘ಹೋಲ್ಡ್’ ಎಂದರೆ ಗುಂಡು ಹಾರಿಸಬೇಡ. ‘ರಿಟರ್ನ್ ಫೈರ್’ ಎಂದರೆ ನಮ್ಮ ಮೇಲೆ ಹಾರಿಸಿದರೆ ಮಾತ್ರ ಹಾರಿಸು. ‘ಫ್ರೀ ಫೈರ್’ ಎಂದರೆ ಶತ್ರು ಕಂಡ ಕೂಡಲೇ ಹಾರಿಸು.

ಹೊರಡುವಾಗಲೇ ಫ್ರೀ ಫೈರ್ ಕೊಡಬೇಡಿ. ದಾರಿಯಲ್ಲಿ ಸಿಕ್ಕಿದ ಮೊದಲ ಲಾರಿಗೇ ಗುಂಡು ಖರ್ಚಾಗುತ್ತದೆ. ಬಾಗಿಲಲ್ಲಿರುವ ಮಿನಿಗನ್ ಎಂಬ ಮೆಷಿನ್‌ಗನ್ ನಿಮಿಷಕ್ಕೆ 2000 ಗುಂಡು ಹಾರಿಸಿದರೂ ಸೆಕೆಂಡಿಗೆ 33 ಆಯಿತಲ್ವಾ? ದಾರಿಯುದ್ದಕ್ಕೂ ರಿಟರ್ನ್ ಫೈರ್ ಇರಲಿ, ಗುರಿ ಹತ್ತಿರ ಬಂದ ಮೇಲೆ ಬದಲಿಸಿ. ಒಂದು ಸಲಕ್ಕೆ ಎಷ್ಟು ಹೊತ್ತು ಹಾರಿಸಬೇಕು ಎಂಬುದಕ್ಕೂ ಆಯ್ಕೆ ಇದೆ. ನಾನು ಯಾವಾಗಲೂ ಚಿಕ್ಕದನ್ನೇ ಇಡುತ್ತೇನೆ.

ಇನ್ನು ನಿಮ್ಮ ಕೈಯ ಕೆಲಸ. ಗನ್ನರ್ ಗುರಿ ತಪ್ಪಿದರೆ ಹೆಚ್ಚಿನ ಸಲ ಕಾರಣ ಪೈಲಟ್ ಎಂದೇ ನನ್ನ ಅನುಭವ. ಹೆಲಿಕಾಪ್ಟರ್ ಮುಂದಕ್ಕೆ ಹೋಗುತ್ತಿರುವಾಗ ಬಾಗಿಲಿನಿಂದ ಹೊರಟ ಗುಂಡೂ ಅದೇ ವೇಗದಲ್ಲಿ ಮುಂದಕ್ಕೆ ಜಾರುತ್ತದೆ. 60 ನಾಟ್ ವೇಗವೆಂದರೆ ಸೆಕೆಂಡಿಗೆ ಸುಮಾರು 31 ಮೀಟರ್. 400 ಮೀಟರ್ ದೂರ ಮುಟ್ಟಲು ಗುಂಡಿಗೆ ಅರ್ಧ ಸೆಕೆಂಡ್ ಸಾಕು ಎಂದಿಟ್ಟುಕೊಂಡರೂ ಅಷ್ಟರಲ್ಲಿ 15 ಮೀಟರ್ ಮುಂದೆ ಬೀಳುತ್ತದೆ. ಹಾಗಾಗಿ ಗುರಿಗಿಂತ ಅಷ್ಟು ಹಿಂದಕ್ಕೆ ಬಂದೂಕು ಹಿಡಿಯಬೇಕು. ನೀವು ಗಳಿಗೆಗೊಮ್ಮೆ ವೇಗ ಬದಲಿಸಿದರೆ ಈ ಲೆಕ್ಕವೂ ಗಳಿಗೆಗೊಮ್ಮೆ ಬದಲಾಗುತ್ತದೆ.

ಅದಕ್ಕೇ ಗುರಿಯ ಸುತ್ತ ಒಂದೇ ವೇಗ, ಒಂದೇ ಎತ್ತರದಲ್ಲಿ ಸುತ್ತು ಬನ್ನಿ. ಮಧೂರು ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಾಗ ಗರ್ಭಗುಡಿ ನಮ್ಮ ಬಲಗಡೆ ಇರುತ್ತದಲ್ವಾ? ಹಾಗೆ ಸುತ್ತಿದರೆ ಬಲಬದಿಯ ಗನ್ನರ್‌ಗೆ ಗುರಿ ಸಿಗುತ್ತದೆ, ಎಡದವನಿಗೆ ಅಪ್ರದಕ್ಷಿಣೆ ಬರಬೇಕು. ಜಾಸ್ತಿ ವಾಲಿಸಬೇಡಿ. ವಾಲಿದಷ್ಟೂ ಬಂದೂಕು ನೆಲ ನೋಡುತ್ತದೆ.

ನೀವೇ ಹಾರಿಸಬೇಕೆಂದಿದ್ದರೆ 3 ಒತ್ತಿ ಎಡ ಗನ್ನರ್‌ನ ಜಾಗಕ್ಕೆ, 4 ಒತ್ತಿ ಬಲದವನ ಜಾಗಕ್ಕೆ ಹೋಗಬಹುದು. ಅದಕ್ಕೆ ಮೊದಲು ಆಟೊಪೈಲಟ್, ಅಂದರೆ ಹೆಲಿಕಾಪ್ಟರ್ ತಾನೇ ಹಾರುವ ವ್ಯವಸ್ಥೆ, ಹಾಕಲು ಮರೆಯಬೇಡಿ. 1 ಒತ್ತಿದರೆ ಮತ್ತೆ ಪೈಲಟ್ ಸೀಟು.

ಬೇರೆ ಸಿಮ್ಯುಲೇಟರ್‌ಗಳಲ್ಲಿ ಎರಡನೇ ಮಹಾಯುದ್ಧದ ವಿಮಾನ ಹಾರಿಸುವವರಿಗೆ ಲೆಕ್ಕ ಬೇರೆ. ಸೋವಿಯತ್ ಒಕ್ಕೂಟದ ಎರಡು ಸೀಟಿನ ಇಲ್‌-2 ವಿಮಾನದಲ್ಲಿ ಗನ್ನರ್ ಹಿಂದಕ್ಕೆ ಮುಖ ಮಾಡಿ 12.7 ಮಿಲಿಮೀಟರ್ ಮೆಷಿನ್‌ಗನ್ ಹಿಡಿದು ಕೂರುತ್ತಾನೆ. ತನ್ನದೇ ಬಾಲದ ಕೆಳಗೆ ಅವನಿಗೆ ಏನೂ ಕಾಣುವುದಿಲ್ಲ. ಬೆನ್ನಟ್ಟುವವನು ಅಲ್ಲಿಗೇ ಬರುತ್ತಾನೆ. ನೆಲಕ್ಕೆ ಹತ್ತಿರವಾಗಿ ಹಾರಿದರೆ ಅವನಿಗೆ ಕೆಳಗೆ ನುಗ್ಗಲು ಜಾಗವೇ ಇರುವುದಿಲ್ಲ. ನಿಮ್ಮ ಗನ್ನರ್‌ನ ಕಣ್ಣಿಗೆ ಶತ್ರು ಬಿದ್ದಾಗ ಎರಡು ಮೂರು ಸೆಕೆಂಡ್ ನೇರ ಹಾರಿ, ಆಮೇಲೆ ತಿರುಗಿ.

ಅಭ್ಯಾಸಕ್ಕೆ ಬಯಲಲ್ಲಿ ನಾಲ್ಕು ಲಾರಿ ನಿಲ್ಲಿಸಿದ ಚಿಕ್ಕ ಮಿಷನ್ ಮಾಡಿಕೊಳ್ಳಿ. ಒಮ್ಮೆ ನಿಮಗೆ ತೋಚಿದ ಹಾಗೆ ಹಾರಿ, ಇನ್ನೊಮ್ಮೆ ಪ್ರದಕ್ಷಿಣೆ ಬಂದು, ಕೊನೆಗೆ ಉಳಿದ ಗುಂಡು ಎಷ್ಟು ಎಂದು ನೋಡಿ. ಅಕ್ಕನ ಮಗ ಈಗ ಎಡಸುತ್ತು ಕಲಿಯುತ್ತಿದ್ದಾನೆ.