ಲಿಂಫೋಮಾ ರೋಗಿಗೆ ರಕ್ತಸ್ರಾವ: ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೂ ಕಾರಣ ಪತ್ತೆ ಹಚ್ಚುವುದು ಹೇಗೆ?

ಚಿಕಿತ್ಸೆಗೆಂದು ಕರ್ನಾಟಕದಿಂದ ಮುಂಬೈಗೆ ಬಂದು ಪರೇಲ್, ದಾದರ್ ಸುತ್ತಮುತ್ತ ಉಳಿದುಕೊಳ್ಳುವ ಕುಟುಂಬಗಳಲ್ಲಿ, ರಕ್ತದ ವರದಿ ಕೈಗೆ ಬಂದೊಡನೆ ಎಲ್ಲರ ಕಣ್ಣು ಹೋಗುವುದು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಎಣಿಕೆಯ ಮೇಲೆ. ಮೈಕ್ರೋಲೀಟರಿಗೆ 1.5 ಲಕ್ಷದಿಂದ 4.5 ಲಕ್ಷದೊಳಗೆ ಇದ್ದರೆ ಮನೆಮಂದಿಗೆ ನಿರಾಳ. ಆದರೆ ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ರೋಗಿಗಳಲ್ಲಿ ಎಣಿಕೆ ಸರಿಯಿದ್ದೂ ಪ್ಲೇಟ್‌ಲೆಟ್‌ಗಳು ತಮ್ಮ ಕೆಲಸ ಮಾಡದೆ ಇರುವುದುಂಟು.

ಮೊದಲು ಮೈ ನೋಡಿ. ಸಂಜೆ ಕಾಲುಚೀಲ ಕಳಚಿದಾಗ ಎಲಾಸ್ಟಿಕ್ ಒತ್ತಿದ ಜಾಗದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಗಾಜಿನ ಲೋಟದ ತಳದಿಂದ ಮೆಲ್ಲಗೆ ಒತ್ತಿ. ಬಣ್ಣ ಮಾಸದಿದ್ದರೆ ಅದು ಚರ್ಮದೊಳಗೆ ಜಿನುಗಿದ ರಕ್ತ. ಒಸಡು, ಮೂಗಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೂಡಿದ ನೀಲಿ ಕಲೆಗಳನ್ನೂ ದಿನಾಂಕ ಸಹಿತ ಬರೆದಿಡಿ.

ಮುಂದಿನದು ಔಷಧಗಳ ಪಟ್ಟಿ. ಹೆಚ್ಚಿನವರು ಉದಾಸೀನ ಮಾಡುವುದು ಇದನ್ನೇ. ಕೆಲವು ಬಗೆಯ ಲಿಂಫೋಮಾಗಳಿಗೆ ಕೊಡುವ ಇಬ್ರುಟಿನಿಬ್, ಗಾಯವಾದ ರಕ್ತನಾಳದ ಗೋಡೆಯಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿಗೆ ಪ್ಲೇಟ್‌ಲೆಟ್‌ಗಳು ಸ್ಪಂದಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ಅದರ ಜೊತೆಗೆ ಮಂಡಿನೋವಿಗೆಂದು ಐಬುಪ್ರೊಫೇನ್ ನುಂಗಿದರೆ ಅಪಾಯ ಇನ್ನಷ್ಟು. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ 7ರಿಂದ 10 ದಿನಗಳ ಆಯಸ್ಸಿನುದ್ದಕ್ಕೂ ಚೇತರಿಸಿಕೊಳ್ಳುವುದಿಲ್ಲ. ಹಾಗೆಂದು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಆಸ್ಪಿರಿನ್ ನಿಲ್ಲಿಸಬಾರದು. ಪಟ್ಟಿಯನ್ನು ವೈದ್ಯರ ಮುಂದಿಡಿ.

ಕಾರಣ ರೋಗದಲ್ಲೇ ಇರಬಹುದು. ವಾಲ್ಡೆನ್‌ಸ್ಟ್ರಾಮ್ ಎಂಬ ಬಗೆಯ ಲಿಂಫೋಮಾದಲ್ಲಿ ಹೆಚ್ಚಾಗುವ ಐಜಿಎಂ ಪ್ರೋಟೀನು ಪ್ಲೇಟ್‌ಲೆಟ್‌ಗಳ ಮೈಗೆ ಅಂಟಿಕೊಂಡು ಅವುಗಳ ಕೆಲಸಕ್ಕೆ ಅಡ್ಡಿಯಾಗುತ್ತದೆ. ಕೆಲವೊಮ್ಮೆ ದೇಹವೇ ಪ್ಲೇಟ್‌ಲೆಟ್‌ಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಆಗ ಹೊರಗಿನಿಂದ ಕೊಟ್ಟ ಪ್ಲೇಟ್‌ಲೆಟ್‌ಗಳೂ ಹೆಚ್ಚು ಹೊತ್ತು ಉಳಿಯುವುದಿಲ್ಲವಾದ್ದರಿಂದ ಸ್ಟೆರಾಯ್ಡ್ ಹಾಗೂ ಲಿಂಫೋಮಾದ ಚಿಕಿತ್ಸೆಯೇ ಮುಖ್ಯವಾಗುತ್ತದೆ.

ಪರೀಕ್ಷೆಯ ವಿಷಯದಲ್ಲಿ ಅವಸರ ಬೇಡ. ಎಣಿಕೆ ಇದ್ದಕ್ಕಿದ್ದಂತೆ ಕುಸಿದಿದ್ದರೆ ರಕ್ತದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿಕೊಳ್ಳಿ; ರಕ್ತ ಹೆಪ್ಪುಗಟ್ಟದಂತೆ ಹಾಕುವ ಇಡಿಟಿಎ ಎಂಬ ರಾಸಾಯನಿಕ ಇರುವ ನಳಿಕೆಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿ ಯಂತ್ರ ಕಡಿಮೆ ಎಣಿಸುವುದುಂಟು. ಪ್ಲೇಟ್‌ಲೆಟ್‌ಗಳ ಕೆಲಸವನ್ನು ಅಳೆಯುವ ಅಗ್ರಿಗೇಶನ್ ಪರೀಕ್ಷೆಗೆ ಸಿಟ್ರೇಟ್ ನಳಿಕೆಯಲ್ಲಿ ತೆಗೆದ ರಕ್ತವನ್ನು ಐಸ್‌ನಲ್ಲಿಡದೆ, ಸುಮಾರು 4 ಗಂಟೆಯೊಳಗೆ ಪರೀಕ್ಷಿಸಬೇಕು. ಆದ್ದರಿಂದ ದೂರದ ಉಪನಗರ ಡೊಂಬಿವಲಿಯಲ್ಲಿ ರಕ್ತ ಕೊಟ್ಟು ಕಳುಹಿಸುವುದಕ್ಕಿಂತ ಪರೀಕ್ಷೆ ನಡೆಯುವಲ್ಲಿಗೇ ಹೋಗುವುದು ಒಳ್ಳೆಯದು. ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಯು ರಕ್ತಸಂಬಂಧಿ ಕಾಯಿಲೆಗಳಿಗೇ ಮೀಸಲಾದುದು. ವೈದ್ಯರ ಚೀಟಿಯೊಂದಿಗೆ ಮೊದಲೇ ವಿಚಾರಿಸಿ ಹೋಗಿ.

ಹಲ್ಲು ಕೀಳಿಸುವುದಿದ್ದರೆ ದಂತವೈದ್ಯರಿಗೂ ವಿಷಯ ತಿಳಿಸಿ. ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ನಂತರ 3ರಿಂದ 7 ದಿನ ಇಬ್ರುಟಿನಿಬ್ ನಿಲ್ಲಿಸುವ ತೀರ್ಮಾನ ಕ್ಯಾನ್ಸರ್ ವೈದ್ಯರದು. ತೀವ್ರ ತಲೆನೋವು, ಕಪ್ಪು ಮಲ, ಒತ್ತಿ ಹಿಡಿದರೂ ನಿಲ್ಲದ ರಕ್ತ ಕಂಡರೆ ವರದಿಗಳ ಕಡತ ಹಿಡಿದು ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೊರಡಿ.