ಅಡುಗೆಕಟ್ಟೆ ಮೇಲೆ ಎಲ್‌ಇಡಿ ಸ್ಟ್ರಿಪ್: ನಾನು ಮಾಡಿಕೊಂಡ ರೀತಿ

ಲೈಟು ಬೆನ್ನ ಹಿಂದಿದ್ದರೆ ತರಕಾರಿ ಹೆಚ್ಚುವಾಗ ನಮ್ಮ ನೆರಳೇ ಮಣೆ ಮೇಲೆ ಬೀಳುತ್ತದೆ. ಅದಕ್ಕೇ ಮೇಲಿನ ಕಪಾಟುಗಳ ಅಡಿಗೆ ಎಲ್‌ಇಡಿ ಸ್ಟ್ರಿಪ್ ಹಾಕಲು ಹೊರಟೆ. ಅಂಟಿಸುವುದೇನೂ ದೊಡ್ಡ ಕೆಲಸವಲ್ಲ. ವೈರು ಎಲ್ಲಿಂದ ಬರಬೇಕು, ಎಷ್ಟು ವ್ಯಾಟ್ ಬೇಕು ಅನ್ನುವುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ನನಗೆ ಬೇಕಿದ್ದದ್ದು 4 ಮೀಟರ್. ಸ್ಟ್ರಿಪ್ ಮೀಟರಿಗೆ 9.6 ವ್ಯಾಟಿನದು, ಅಂದರೆ ಒಟ್ಟು 38.4 ವ್ಯಾಟ್. ಪವರ್ ಸಪ್ಲೈ, ಅಂದರೆ ಮನೆಯ ಕರೆಂಟನ್ನು ಸ್ಟ್ರಿಪ್‌ಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ ಡಬ್ಬಿ, ಅಷ್ಟಕ್ಕಷ್ಟೇ ಇದ್ದರೆ ಸದಾ ಬಿಸಿಯಾಗಿರುತ್ತದೆ, ಬೇಗ ಕೆಡುತ್ತದೆ. ಶೇ. 20ರಷ್ಟಾದರೂ ಜಾಸ್ತಿ ಇರಲಿ ಅಂತ 60 ವ್ಯಾಟಿನದು ತೆಗೆದುಕೊಂಡೆ.

12 ವೋಲ್ಟಾ, 24 ವೋಲ್ಟಾ? ನನ್ನ ಓಟು 24ಕ್ಕೆ. ಇಷ್ಟೇ ಬೆಳಕಿಗೆ 12 ವೋಲ್ಟಿನಲ್ಲಿ 3.2 ಆಂಪಿಯರ್ ಹರಿಯಬೇಕು, 24ರಲ್ಲಿ ಅದರ ಅರ್ಧ ಸಾಕು. ಸ್ಟ್ರಿಪ್‌ನೊಳಗಿನ ತಾಮ್ರ ತೀರಾ ತೆಳು ಅಲ್ವಾ, ಕರೆಂಟು ಜಾಸ್ತಿಯಾದಷ್ಟೂ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಉದ್ದನೆಯ ಸ್ಟ್ರಿಪ್‌ನ ಕೊನೆ ಮಂಕಾಗುವುದು ಇದರಿಂದಲೇ. ಅದಕ್ಕೂ ಒಂದು ಉಪಾಯ ಮಾಡಿದೆ: ಸಪ್ಲೈಯನ್ನು ನಡುವಿನ ಕಪಾಟಿನ ಮೇಲಿಟ್ಟು, ಎಡಕ್ಕೆ 2 ಮೀಟರ್, ಬಲಕ್ಕೆ 2 ಮೀಟರ್ ಕೊಟ್ಟೆ. 24ರಲ್ಲಿ ಒಂದು ತೊಂದರೆ ಉಂಟು. 12 ವೋಲ್ಟಿನದನ್ನು ಸಾಮಾನ್ಯವಾಗಿ 3 ಎಲ್‌ಇಡಿಗೊಮ್ಮೆ ಕತ್ತರಿಸಬಹುದು, ಇದನ್ನು 6ಕ್ಕೊಮ್ಮೆ. ಕಪಾಟಿನ ತುದಿಯಲ್ಲಿ ಸ್ವಲ್ಪ ಜಾಗ ಖಾಲಿ ಉಳಿದರೆ ಉಳಿಯಲಿ ಬಿಡಿ.

ಮೂಲೆಯಲ್ಲಿ ಸ್ಟ್ರಿಪ್ ಅನ್ನು ಅಡ್ಡಕ್ಕೆ ಬಗ್ಗಿಸಬಾರದು. ಗುರುತು ಇರುವಲ್ಲಿ ಕತ್ತರಿಸಿ, ವೈರಿನಿಂದ ಜೋಡಿಸಿದೆ. ಕ್ಲಿಪ್ ಕನೆಕ್ಟರ್ ಮೇಲೆ ನನಗೆ ನಂಬಿಕೆ ಇಲ್ಲ, ಸೋಲ್ಡರ್ ಮಾಡುವುದೇ ವಾಸಿ. ತಾಮ್ರದ ಚುಕ್ಕಿಗೂ ವೈರಿನ ತುದಿಗೂ ಮೊದಲು ಬೇರೆ ಬೇರೆಯಾಗಿ ಸೋಲ್ಡರ್ ಹಚ್ಚಿದೆ. ಆಮೇಲೆ ವೈರನ್ನು ಚುಕ್ಕಿಯ ಮೇಲಿಟ್ಟು ಐರನ್ ಮುಟ್ಟಿಸಿದರೆ ಎರಡೂ ಕರಗಿ ಒಂದಾಗುತ್ತವೆ. ಐರನ್ ಅಲ್ಲೇ ಒತ್ತಿ ಹಿಡಿದರೆ ಚುಕ್ಕಿ ಎದ್ದೇ ಬರುತ್ತದೆ, ಹುಷಾರು. ಪ್ಲಸ್ಸು ಪ್ಲಸ್ಸಿಗೇ ಸೇರಬೇಕು ಅಂತ ಹೇಳಬೇಕಾಗಿಲ್ಲ.

ಅಡುಗೆಮನೆಯಲ್ಲಿ ಕಪಾಟಿನ ಅಡಿಗೆ ಎಣ್ಣೆ ಜಿಡ್ಡು ಇದ್ದೇ ಇರುತ್ತದೆ. ಅದರ ಮೇಲೆ ಅಂಟು ನಿಲ್ಲುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅಲ್ಯೂಮಿನಿಯಂ ಪ್ರೊಫೈಲನ್ನು (ಸ್ಟ್ರಿಪ್ ಕೂರುವ ಉದ್ದನೆಯ ಪಟ್ಟಿ) ಸ್ಕ್ರೂ ಹಾಕಿ ಕೂರಿಸಿ, ಸ್ಟ್ರಿಪ್ ಅನ್ನು ಅದರೊಳಗೆ ಅಂಟಿಸಿದೆ. ಶಾಖವೂ ಪ್ರೊಫೈಲಿಗೆ ಇಳಿದುಹೋಗುತ್ತದೆ. ಮೇಲೆ ಹಾಲುಬಣ್ಣದ ಮುಚ್ಚಳ ಬೇಕೇ ಬೇಕು. ಇಲ್ಲದಿದ್ದರೆ ನುಣುಪು ಕಲ್ಲಿನ ಕಟ್ಟೆಯ ಮೇಲೆ ಒಂದೊಂದು ಎಲ್‌ಇಡಿಯೂ ಚುಕ್ಕಿ ಚುಕ್ಕಿಯಾಗಿ ಹೊಳೆದು ಕಣ್ಣಿಗೆ ಚುಚ್ಚುತ್ತದೆ. ಪ್ರೊಫೈಲ್ ಕಪಾಟಿನ ಮುಂದಿನ ಅಂಚಿಗಿರಲಿ. ಹಿಂದೆ ಹಾಕಿದರೆ ಗೋಡೆ ಮಾತ್ರ ಬೆಳಗುತ್ತದೆ.

ಬೆಳಕಿನ ಬಣ್ಣ 4000 ಕೆಲ್ವಿನ್, ಅಂದರೆ ತೀರಾ ಹಳದಿಯೂ ಅಲ್ಲದ, ತೀರಾ ನೀಲಿಯೂ ಅಲ್ಲದ ಬಿಳಿ. ಸಿಆರ್‌ಐ, ಅಂದರೆ ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ 100ರವರೆಗಿನ ಅಳತೆ, 90ರ ಮೇಲಿನದು. ಕಡಿಮೆ ಸಿಆರ್‌ಐ ಬೆಳಕಿನಲ್ಲಿ ಟೊಮೇಟೊ ಹಣ್ಣಾಗಿದೆಯೋ ಇಲ್ಲವೋ ಸರಿಯಾಗಿ ತಿಳಿಯುವುದಿಲ್ಲ.

ಮೇನ್ ಲೈನಿನ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದೆ. ಸ್ವಿಚ್ಚನ್ನು ಸಪ್ಲೈಗಿಂತ ಮೊದಲೇ, ಮೇನ್ ಕಡೆಗೇ ಹಾಕಿಸಿ. ಸ್ಟ್ರಿಪ್ ಕಡೆಗೆ ಹಾಕಿದರೆ ಲೈಟು ಆರಿದ್ದರೂ ಸಪ್ಲೈ ಸುಮ್ನೆ ಕರೆಂಟು ತಿನ್ನುತ್ತಲೇ ಇರುತ್ತದೆ.