ಟ್ಯಾಂಕ್‌ನಲ್ಲಿ ಉಪ್ಪು ಏರಿದ್ದು ಹೀಗೆ

ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ? ನಮ್ಮ 100 ಲೀಟರ್ ಸಮುದ್ರನೀರಿನ ಟ್ಯಾಂಕ್‌ನಲ್ಲಿ ನೀರು ದಿನಾ ಇಳಿಯುತ್ತಿತ್ತು. ಇಳಿದಷ್ಟೂ ಉಪ್ಪು ಬೆರೆಸಿದ ನೀರನ್ನೇ ತುಂಬಿಸುತ್ತಿದ್ದೆ. ಎರಡೇ ವಾರ. ಜೋಡಿ ಕ್ಲೌನ್ ಮೀನುಗಳು ಊಟ ಬಿಟ್ಟವು, ಕಿವಿರು ಜೋರಾಗಿ ಬಡಿದುಕೊಳ್ಳುತ್ತಿತ್ತು. ಗಾಜಿನ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಮೇಲೆ ಒಂದು ಹನಿ ಹಾಕಿ ನೋಡಿದರೆ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋ ಲೆಕ್ಕ) 1.031! ಇರಬೇಕಾದದ್ದು 1.025ರ ಆಸುಪಾಸು.

ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಇಳಿದ ಜಾಗಕ್ಕೆ ಉಪ್ಪಿಲ್ಲದ ಆರ್‌ಓ ನೀರೇ ಬೇಕು. ಒಂದೇ ಸಲಕ್ಕೆ ಸರಿಮಾಡಲು ಹೋಗಲಿಲ್ಲ, ಪಾಪ ಮೀನು ತಡೆಯಲ್ಲ. ದಿನಾ ಸ್ವಲ್ಪ ನೀರು ತೆಗೆದು, ಅಷ್ಟೇ ಆರ್‌ಓ ನೀರು ಹಾಕಿ, 0.001ರಂತೆ ಇಳಿಸಿದೆ. ಆರನೇ ದಿನ ಸಂಜೆ ದೊಡ್ಡ ಮೀನು ನನ್ನ ಬೆರಳಿನ ಹಿಂದೆಯೇ ಗಾಜಿನುದ್ದಕ್ಕೂ ಓಡಾಡಿತು.

ಈಗ ಗಾಜಿನ ಮೇಲೆ ಮಾರ್ಕರ್ ಗೆರೆ ಎಳೆದಿದ್ದೇನೆ. ನೀರು ಅದಕ್ಕಿಂತ ಕೆಳಗಿಳಿದರೆ ಆರ್‌ಓ ನೀರು ಹಾಕುತ್ತೇನೆ. ಬೋರ್‌ವೆಲ್ ನೀರು ಬೇಡವೇ ಬೇಡ.